ಒಂಬತ್ತು ರೊಟ್ಟಿಯ ಧಾಟಿಗೆ ಒಂದು ನಂಬಿಗಸ್ತ ವೈರು

ನಮ್ಮವರು ತೀರಿಕೊಂಡು ತಿಂಗಳಾದ ಮೇಲೆ ಅವರ ಕೋಟಿನ ಜೇಬು ಖಾಲಿ ಮಾಡುವಾಗ ಒಂದು ಮದುವೆ ಕಾರ್ಡು ಸಿಕ್ಕಿತು. ಯಲಬುರ್ಗಾ ಕಡೆಯ ಯಾರದೋ ಮದುವೆ. ಅದರ ಹಿಂಬದಿಯಲ್ಲಿ ಅವರ ಅಕ್ಷರದಲ್ಲಿ ಮೂರು ಸಾಲು ಇದ್ದವು: ಸ್ಟ್ಯಾಂಡಿನ ಸ್ಕ್ರೂ, ಮೈಕಿನ ಸ್ಪಂಜು, ನಂಬಿಗಸ್ತ ಮಿಡಿ ಇಂಟರ್‌ಫೇಸ್. ಮೊದಲ ಎರಡಕ್ಕೆ ಟಿಕ್ ಹಾಕಿದ್ದರು. ಮೂರನೆಯದಕ್ಕೆ ಹಾಕಿರಲಿಲ್ಲ.

ಸ್ಕ್ರೂ ಗೊತ್ತು, ಸ್ಪಂಜು ಗೊತ್ತು. ನಂಬಿಗಸ್ತ ಎಂಬ ಮಾತನ್ನು ನಮ್ಮ ಮನೆಯಲ್ಲಿ ಹಾಲು ಹಾಕುವವನ ಬಗ್ಗೆ ಒಮ್ಮೆ ಹೇಳಿದ್ದೆವು, ಮರುವಾರವೇ ವಾಪಸ್ ತೆಗೆದುಕೊಂಡಿದ್ದೆವು. ಮನುಷ್ಯರಿಗೇ ಸಲೀಸಾಗಿ ಸಿಗದ ಆ ಮಾತನ್ನು ಇವರು ಯಾವ ಸಾಮಾನಿಗೆ ಕೊಟ್ಟಿದ್ದಾರೋ ನನಗೆ ತಿಳಿಯಲಿಲ್ಲ. ಕಾರ್ಡನ್ನು ಹೊಲಿಗೆ ಮಷೀನಿನ ಡ್ರಾಯರಿನಲ್ಲಿ ಇಟ್ಟೆ.

ನಾನು ಕೊಪ್ಪಳದಲ್ಲಿ ಮನೆಯಲ್ಲೇ ಸೀರೆಗೆ ಜಂಪರು ಹೊಲಿಯುವವಳು. ಹತ್ತನೆಯ ಇಯತ್ತೆಯವರೆಗೆ ಓದಿದ್ದೇನೆ. ನಮ್ಮವರು ಮದುವೆಗಳಲ್ಲಿ, ರಸಮಂಜರಿಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕಿನಲ್ಲಿ ಅವರು ಉಣ್ಣದ ಕಲ್ಯಾಣ ಮಂಟಪ ಇರಲಿಲ್ಲ. ಉಣ್ಣದ ಎಂದೇ ಬರೆಯುತ್ತೇನೆ, ಏಕೆಂದರೆ ಅವರು ಅಕ್ಕಿಕಾಳು ಬೀಳುವಾಗ ಬೆರಳನ್ನು ಕೀಬೋರ್ಡಿನ ಮೇಲೆ ಇಟ್ಟು, ಕಣ್ಣನ್ನು ಊಟದ ಸಾಲಿನ ಮೇಲೆ ಇಡುತ್ತಿದ್ದರು. ಯಾವ ಮದುವೆಯಲ್ಲಿ ಯಾವ ರಾಗ ನುಡಿಸಿದೆ ಎಂದು ಅವರಿಗೆ ನೆನಪಿರುತ್ತಿರಲಿಲ್ಲ, ಯಾವ ಮದುವೆಯ ಗೋಧಿ ಹುಗ್ಗಿ ಹೇಗಿತ್ತು ಎಂದು ವರ್ಷಗಟ್ಟಲೆ ನೆನಪಿರುತ್ತಿತ್ತು.

ಹಿಂದಿನ ಕೋಣೆಯಲ್ಲಿ ಅವರದೊಂದು ಸ್ಟುಡಿಯೋ ಇತ್ತು. ಯಾರೋ ಬಳಸಿ ಬಿಟ್ಟ ಕಂಪ್ಯೂಟರು, ಒಂದು ಮೈಕು, ಒಂದು ಸ್ಟೂಲು. ಭಜನೆಯವರು, ಸೋಬಾನೆ ಹಾಡುವ ಹೆಂಗಸರು ಬಂದು ಹಾಡು ತುಂಬಿಸಿಕೊಂಡು ಹೋಗುತ್ತಿದ್ದರು. ಗೋಡೆ ಗುಂಯ್ ಎನ್ನಬಾರದೆಂದು ಅವರು ಒಂದು ದಿನ ಮೊಟ್ಟೆ ಇಡುವ ಕಾಗದದ ಟ್ರೇಗಳನ್ನು ಹೊತ್ತು ತಂದರು. ಆಗ ನಮ್ಮ ಅತ್ತೆ ಇದ್ದರು. ಲಿಂಗಕ್ಕೆ ಕೈಮುಗಿಯದೆ ನೀರನ್ನೂ ಕುಡಿಯದವರು. "ತತ್ತಿ ಇಲ್ಲಬೇ ಅದರಾಗ, ಬರೇ ರಟ್ಟು," ಎಂದು ಮಗ ಎಷ್ಟು ಹೇಳಿದರೂ, "ರಟ್ಟಿಗೆ ಗೊತ್ತಿರತೈತಿ ಏನ್ ಹೊತ್ತಿತ್ತು ಅಂತ," ಎಂದು ಅವನ್ನು ಅಂಗಳದಿಂದ ಒಳಗೆ ಬಿಡಲಿಲ್ಲ. ಕೊನೆಗೆ ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆವು. ದನಿ ಬಹಳ ಚೆನ್ನಾಗಿ ಬರುತ್ತಿತ್ತು. ಆದರೆ ನೆಂಟರು ಬಂದ ದಿನ ಸ್ಟುಡಿಯೋ ಬೆತ್ತಲೆಯಾಗುತ್ತಿತ್ತು. "ಇವತ್ತ ರೆಕಾರ್ಡಿಂಗ್ ಇಲ್ರಿ, ನಮ್ಮ ಹೆಂಡ್ತಿ ತಂಗಿ ಬಂದಾಳ," ಎಂದು ಅವರು ಭಜನೆಯವರನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿದ್ದನ್ನು ನಾನೇ ಕೇಳಿದ್ದೇನೆ.

ಇಷ್ಟು ಮದುವೆಗೆ ನುಡಿಸುವವರು ನನಗೆಂದು ಒಂದು ಧಾಟಿ ಕಟ್ಟಿರಲಿಲ್ಲ. ಅದನ್ನು ನಾನು ವರ್ಷಕ್ಕೆ ಒಂದೆರಡು ಸಲ ಹೇಳುತ್ತಿದ್ದೆ, ಸಿಟ್ಟಿನಿಂದಲ್ಲ, ರೂಢಿಯಿಂದ. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವರು ಕೀಬೋರ್ಡನ್ನು ಅಡುಗೆಮನೆಯ ಹೊಸ್ತಿಲಿಗೆ ತಂದು, ಕಾಲು ಮಡಿಚಿ ಕುಳಿತು, "ನೀ ಬಡಿ, ನಾ ಹಿಂದ ಬರ್ತೀನಿ," ಎಂದರು. ನನ್ನ ಕೈಯ ಟಪ್ ಟಪ್ ತಾಳಕ್ಕೆ ಧಾಟಿ ಹಿಡಿದರು. ನಾನು ರೊಟ್ಟಿ ಹಂಚಿಗೆ ಹಾಕಿದಾಗ ಎಳೆದರು, ನೀರು ಸವರಿ ತಿರುವಿದಾಗ ತಿರುವಿದರು. ಒಂಬತ್ತು ರೊಟ್ಟಿ ಆಯಿತು, ಧಾಟಿಯೂ ಮುಗಿಯಿತು. "ಐದನೇ ನಂಬರಿಗೆ ಕುಂತೈತಿ ನೋಡು ಇದು, ನಿಂದು," ಎಂದು ಕೀಬೋರ್ಡಿನ ನೆತ್ತಿಯ ಮೇಲೆ ತಟ್ಟಿದರು. ಕೀಬೋರ್ಡಿನೊಳಗೆ ಹತ್ತು ಧಾಟಿ ನೆನಪಿಟ್ಟುಕೊಳ್ಳುವ ಜಾಗವಿದೆಯಂತೆ. ನಾನು, "ಪಲ್ಯ ಆರತೈತಿ, ಮೊದಲ ಉಣ್ರಿ," ಎಂದೆ. ಅದಾಗಿ ಎರಡು ತಿಂಗಳ ಮೇಲೆ ಒಂದು ಮದುವೆಯಿಂದ ಬಂದು, ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ನೀರು ಕೇಳಿದರು. ನಾನು ಚರಿಗೆ ತರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಬೇಸಿಗೆಯ ಒಂದು ಮಧ್ಯಾಹ್ನ ಆ ಧಾಟಿ ಕೇಳಬೇಕೆನಿಸಿ ಕೀಬೋರ್ಡ್ ಚಾಲೂ ಮಾಡಿದೆ. ಅದರ ಸಣ್ಣ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಅಕ್ಷರ ಕೂಡಿಸಿ ಓದಿದೆ: ಬ್ಯಾಟರಿ ಕಡಿಮೆ ಇದೆ ಎನ್ನುತ್ತಿತ್ತು. ಗೋಡೆಯ ಕರೆಂಟಿಗೆ ಸೇರಿಸಿದ ಸಾಮಾನಿಗೆ ಯಾವ ಬ್ಯಾಟರಿ ಎಂದು ಕುಷ್ಟಗಿಗೆ ಫೋನ್ ಹಚ್ಚಿದೆ. ಕುಷ್ಟಗಿಯಲ್ಲಿ ನಮ್ಮವರ ಜೊತೆ ವರ್ಷಾನುಗಟ್ಟಲೆ ರಿದಮ್ ಪ್ಯಾಡ್ ಬಾರಿಸಿದ ಗೆಳೆಯರೊಬ್ಬರಿದ್ದಾರೆ. ನಮ್ಮವರಿಗೆ ಅಣ್ಣಾರು ಎನ್ನುತ್ತಿದ್ದರು, ನನಗೆ ವೈನಿ ಎನ್ನುತ್ತಾರೆ. ನಾನು ಅವರನ್ನು ತಮ್ಮಾ ಎನ್ನುತ್ತೇನೆ. ಎರಡು ಹೆಣ್ಣುಮಕ್ಕಳ ತಂದೆ, ಭಾರಿ ಆಳು. ಅವರು ಕುಳಿತರೆ ನಮ್ಮ ಮನೆಯ ಕುರ್ಚಿ ಏನಾದರೂ ಒಂದು ಮಾತು ಆಡಿಯೇ ಆಡುತ್ತದೆ.

"ವೈನಿ, ಬಂದ್ ಮಾಡೀರೇನು ಅದನ್ನ?" ಎಂದು ಫೋನಿನಲ್ಲೇ ಕೂಗಿದರು.

"ಇಲ್ಲ, ಚಾಲೂ ಐತಿ."

"ಹಂಗ ಇರಲಿ. ಕೈ ಹಚ್ಚಬ್ಯಾಡ್ರಿ. ಬಂದೆ."

ಮೂರು ತಾಸಿನಲ್ಲಿ ಬಂದರು. ಕೀಬೋರ್ಡಿನ ಹೊಟ್ಟೆಯಲ್ಲಿ ಗುಂಡಿಯಂಥ ಒಂದು ಸೆಲ್ ಇರುತ್ತದಂತೆ. ಬಂದ್ ಮಾಡಿದಾಗ ಒಳಗಿನ ಧಾಟಿಗಳನ್ನು ಕಾಯುವುದು ಅದೇ. ಅದು ಸಾಯುತ್ತಿದೆ. ಅದು ಸತ್ತರೆ ಧಾಟಿ ಹೋಯಿತು, ಅದನ್ನು ಬದಲಿಸಲು ಬಿಚ್ಚಿದರೂ ಧಾಟಿ ಹೋಯಿತು. ಮೊದಲು ಧಾಟಿಯನ್ನು ಕಂಪ್ಯೂಟರಿಗೆ ದಾಟಿಸಬೇಕು.

"ಮೊಬೈಲಿನಾಗ ತುಂಬಿಕೊಂಡ್ರ ಆಗಂಗಿಲ್ಲೇನು?" ಎಂದೆ. ಹಾಗೆ ಮಾಡಿಯೂ ನೋಡಿದೆವು. ಧಾಟಿಯ ಮೇಲೆ ಪಕ್ಕದ ಮನೆಯ ಕುಕ್ಕರಿನ ಮೂರು ಸೀಟಿ, ತರಕಾರಿ ಗಾಡಿಯವನ ಬದನೆಕಾಯಿ, ಕೊನೆಯಲ್ಲಿ ಪ್ಯಾಡಿನ ತಮ್ಮನ ಕೆಮ್ಮು.

"ಮೊಬೈಲಿಗೆ ದನಿ ಅಷ್ಟ ಸಿಗತೈತಿ ವೈನಿ," ಎಂದರು ಅವರು. "ಮಿಡಿ ಅಂತ ಇರತೈತಿ, ಅದಕ್ಕ ಬೆರಳ ಸಿಗತಾವ. ಯಾವ ಪಟ್ಟಿ ಒತ್ತಿದ್ರು, ಎಷ್ಟ ಜೋರ ಒತ್ತಿದ್ರು, ಯಾವಾಗ ಬಿಟ್ರು, ಎಲ್ಲಾ. ಅಣ್ಣಾರ ಬೆರಳ ಇದ್ದಂಗ ಬರತಾವ."

ನಾನು ಸೆರಗಿನಿಂದ ಕೀಬೋರ್ಡಿನ ಅಂಚು ಒರೆಸಿದೆ. ಆಮೇಲೆ, "ಅದಕ್ಕ ಏನ್ ಬೇಕು?" ಎಂದೆ.

"ಕೀಬೋರ್ಡಿನ ಮಾತು ಕಂಪ್ಯೂಟರಿಗೆ ತಿಳಿಯಂಗಿಲ್ಲ. ನಡುವ ಒಬ್ಬ ಬೇಕು. ಬೀಗರ ನಡುವ ಮಾತಾಡಾಂವ ಇರತಾನಲ್ಲ, ಹಂಗ. ಅಲ್ಲಿಂದು ಇಲ್ಲಿ ಹೇಳಬೇಕು. ಏನೂ ನುಂಗಬಾರದು, ಏನೂ ಕೂಡಸಬಾರದು."

"ಅಂಥಾಂವ ನಮ್ಮ ಜಿಲ್ಲಾದಾಗ ಯಾರದಾರ ತಮ್ಮಾ?"

"ಅದಕ್ಕ ಅದರ ಹೆಸರ ಇಂಟರ್‌ಫೇಸ್. ಹೊರಗಿನಿಂದ ತರಸಬೇಕು."

ನಾನು ಎದ್ದು ಹೋಗಿ ಡ್ರಾಯರಿನಿಂದ ಮದುವೆ ಕಾರ್ಡು ತಂದು ಅವರ ಮುಂದೆ ಇಟ್ಟೆ. ಅವರು ಅದನ್ನು ಬಹಳ ಹೊತ್ತು ನೋಡಿದರು. ಕುರ್ಚಿ ಕೂಡ ಮಾತಾಡಲಿಲ್ಲ.

ಅಂದಿನಿಂದ ಕೀಬೋರ್ಡನ್ನು ಬಂದ್ ಮಾಡಲಿಲ್ಲ. ಕಂಪ್ಯೂಟರಿನ ಯುಪಿಎಸ್‌ಗೆ ಅದನ್ನೇ ಸೇರಿಸಿದೆವು. ಕರೆಂಟು ಹೋದರೆ ಯುಪಿಎಸ್ ಕೀಚ್ ಕೀಚ್ ಎಂದು ಅರಚುತ್ತಿತ್ತು, ನಾನು ಅರ್ಧ ಹೊಲಿದ ಜಂಪರು ಬಿಟ್ಟು ಓಡುತ್ತಿದ್ದೆ. ಓಡಿ ಹೋಗಿ ಮಾಡಲು ಏನೂ ಇರಲಿಲ್ಲ. ಅದರ ಪಕ್ಕ ನಿಲ್ಲುತ್ತಿದ್ದೆ, ಅಷ್ಟೇ. ಕರೆಂಟು ಬಂದ ಮೇಲೆ ವಾಪಸ್ ಬಂದು ನೋಡಿದರೆ ತೋಳಿಗೆ ಹಾಕಬೇಕಾದ ಹೊಲಿಗೆ ಕೊರಳಿಗೆ ಹೋಗಿರುತ್ತಿತ್ತು.

ಮೊದಲನೆಯ ಇಂಟರ್‌ಫೇಸ್ ಕೊರಿಯರಿನಲ್ಲಿ ಬಂತು. ಒಂದು ತುದಿಯಲ್ಲಿ ಕಂಪ್ಯೂಟರಿಗೆ ಹಾಕುವ ಚಪ್ಪಟೆ ಮೂತಿ, ಇನ್ನೊಂದು ತುದಿಯಲ್ಲಿ ಐದೈದು ಸೂಜಿಯ ಎರಡು ಗುಂಡನೆಯ ಮೂತಿ, ನಡುವೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಒಂದು ಮೂತಿಯ ಮೇಲೆ 'ಇನ್', ಇನ್ನೊಂದರ ಮೇಲೆ 'ಔಟ್'. ಕೀಬೋರ್ಡಿನ ಹಿಂದೆಯೂ 'ಇನ್', 'ಔಟ್' ಎಂದು ಎರಡು ಗುಂಡನೆಯ ತೂತು. ನಾವು ಇನ್‌ಗೆ ಇನ್, ಔಟ್‌ಗೆ ಔಟ್ ಹಾಕಿ ಮಧ್ಯಾಹ್ನವೆಲ್ಲ ಕಾದೆವು. ಏನೂ ಬರಲಿಲ್ಲ. ಸಂಜೆಗೆ ಪ್ಯಾಡಿನ ತಮ್ಮನಿಗೆ ಹೊಳೆಯಿತು. "ವೈನಿ, ಇದರ ಬಾಯಿಂದ ಹೊರಗ ಬಂದದ್ದು ಅದರ ಕಿವಿಯಾಗ ಹೋಗಬೇಕು. ನಾವು ಬಾಯಿಗೆ ಬಾಯಿ ಹಚ್ಚೀವಿ." ಅದಲು ಬದಲು ಮಾಡಿದೆವು.

ಬಂತು. ಮೊದಲ ರೊಟ್ಟಿ ಬಂತು, ಎರಡನೆಯದರ ಅರ್ಧ ಬಂತು, ಆಮೇಲೆ ಒಂದು ಸ್ವರ ಹಿಡಿದುಕೊಂಡು ಬಿಡಲೇ ಇಲ್ಲ. ಒತ್ತಿದ ಸುದ್ದಿ ತಲುಪಿತ್ತು, ಬಿಟ್ಟ ಸುದ್ದಿ ತಲುಪಿರಲಿಲ್ಲ. ಕಂಪ್ಯೂಟರು ನಮ್ಮವರ ಬೆರಳು ಇನ್ನೂ ಅಲ್ಲೇ ಇದೆ ಎಂದು ತಿಳಿದು ಊಂ ಎನ್ನುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಆಯಿ ಕೋಲು ಊರಿಕೊಂಡು ಬಾಗಿಲಿಗೆ ಬಂದರು.

"ಏನವಾ, ಅರ್ಧ ತಾಸಾತು ಪಂಪ್ ಹಚ್ಚಿ. ಟಾಕಿ ತುಂಬಿಲ್ಲೇನು?"

"ಪಂಪ್ ಅಲ್ಲ ಆಯಿ, ಅವರ ಧಾಟಿ."

ಆಯಿ ಕಿವಿಗೊಟ್ಟು ಕೇಳಿದರು. "ನಿನ್ನ ಗಂಡ ಇದ್ದಾಗ ಇದಕ್ಕಿಂತ ಛಲೋ ಬಾರಸ್ತಿದ್ದ ಬಿಡು," ಎಂದು ಹೋದರು.

ಮರುದಿನ ಪ್ಯಾಡಿನ ತಮ್ಮ ಆ ವೈರನ್ನು ಮಾರಿದವರ ಪುಟದಲ್ಲಿ ಒಂದೇ ನಕ್ಷತ್ರ ಕೊಟ್ಟು ಕನ್ನಡದಲ್ಲಿ ಬರೆದರು: "ಈ ವೈರು ಸುರು ಮಾಡಿದ್ದನ್ನ ಬಿಡೂದಿಲ್ಲ. ನಮ್ಮ ಮಾವನ ಮಾತು ಇದ್ದಂಗ."

ಎರಡನೆಯದನ್ನು ಕೊಪ್ಪಳದ ಒಂದು ಕಂಪ್ಯೂಟರ್ ಅಂಗಡಿಯವರು ತರಿಸಿಕೊಟ್ಟರು. ಇದು ಕಬ್ಬಿಣದ ಗಟ್ಟಿ ಡಬ್ಬಿ, ಮುಂದೆ ಎರಡು ಹಸಿರು ದೀಪ. ಸ್ವರ ಬಂದಾಗಲೆಲ್ಲ ದೀಪ ಮಿಣುಕುತ್ತಿತ್ತು. ನಂಬಿಗಸ್ತ ಎನ್ನುವ ಮುಖಲಕ್ಷಣ ಅದಕ್ಕಿತ್ತು. ಆದರೆ ಇದು ಹಿಡಿದುಕೊಳ್ಳುವ ಬದಲು ನುಂಗಿತು. ಧಾಟಿಯ ನಡುನಡುವೆ ಸ್ವರಗಳೇ ಇಲ್ಲ. ಇಲಿ ಕಡಿದ ರೊಟ್ಟಿಯಂತೆ ಬಂತು. ಮತ್ತೆ ಹಾಕಿದರೆ ಬೇರೆ ಕಡೆ ಕಡಿದಿರುತ್ತಿತ್ತು. ಪ್ಯಾಡಿನ ತಮ್ಮ ಅದನ್ನು ಅಲ್ಲಾಡಿಸಿ, ಕಿವಿಗೆ ಹಿಡಿದು, "ಒಳಗ ಅದಾವ ನೋಡ್ರಿ ಸ್ವರ, ಖಡ್ ಖಡ್ ಅಂತಾವ," ಎಂದರು. ನನಗೆ ತಿಂಗಳುಗಳ ಮೇಲೆ ಮೊದಲ ಸಲ ನಗು ಬಂತು.

ನಕ್ಕರೂ ಭಯ ಹೋಗಿರಲಿಲ್ಲ. ಮಳೆಗಾಲ ಬರುತ್ತಿತ್ತು. ಮಳೆಗಾಲದ ಕರೆಂಟು ಹೋದರೆ ಯುಪಿಎಸ್ ತಡೆಯುವಷ್ಟು ಹೊತ್ತಿನಲ್ಲಿ ಬರುವುದಿಲ್ಲ. ಆಮೇಲಿಂದ ಎಲ್ಲ ಆ ಗುಂಡಿ ಸೆಲ್ಲಿನ ಮೇಲೆ.

ಜಂಪರಿಗೆ ಕಾಜ ಹಾಕುತ್ತ ಮೊಬೈಲಿನಲ್ಲಿ ಇಂಟರ್‌ಫೇಸುಗಳ ವಿಡಿಯೋ ನೋಡತೊಡಗಿದೆ. ಹಿಂದಿಯವರು, ತೆಲುಗಿನವರು, ಇಂಗ್ಲಿಷಿನವರು, ಎಲ್ಲರೂ ತಾವು ಹಿಡಿದ ಡಬ್ಬಿಯೇ ನಂಬಿಗಸ್ತ ಎನ್ನುತ್ತಿದ್ದರು. ಒಬ್ಬರೂ ಅದನ್ನು ನುಡಿಸಿ ತೋರಿಸುತ್ತಿರಲಿಲ್ಲ. ಯಲಬುರ್ಗಾ ಹತ್ತಿರದ ನನ್ನ ತವರೂರಿನಲ್ಲಿ ನಮ್ಮಪ್ಪ ಎತ್ತು ಕೊಳ್ಳುವಾಗ ಮಾರುವವನ ಮಾತು ಕೇಳುತ್ತಲೇ ಇರಲಿಲ್ಲ. "ಮಾತು ಸಾಕು, ನಡಸು," ಎನ್ನುತ್ತಿದ್ದ. ಎತ್ತು ನಾಲ್ಕು ಸುತ್ತು ನಡೆಯುವವರೆಗೂ ಬಾಯಿ ಬಿಡುತ್ತಿರಲಿಲ್ಲ. ನಾನೂ ಹಾಗೇ ಮಾಡುವುದೆಂದು ನಿಶ್ಚಯ ಮಾಡಿದೆ. ಡಬ್ಬಿಗಳನ್ನು ಮನೆಗೆ ತರಿಸುವುದಲ್ಲ, ಕೀಬೋರ್ಡನ್ನೇ ಡಬ್ಬಿ ಇರುವಲ್ಲಿಗೆ ಒಯ್ಯುವುದು.

ಗಂಗಾವತಿಯಲ್ಲಿ ಒಬ್ಬ ಚಾಚಾ ಇದ್ದಾರೆ. ಈ ನಾಲ್ಕು ತಾಲೂಕಿನ ರಸಮಂಜರಿಯವರ ಆಂಪ್ಲಿಫೈಯರು, ಕೀಬೋರ್ಡು ಕೆಟ್ಟರೆ ಅವರ ಅಂಗಡಿಗೇ ಹೋಗುವುದು. ಇಂಟರ್‌ಫೇಸ್ ಕೂಡ ಮಾರುತ್ತಾರೆ. ಆದರೆ ಕೀಬೋರ್ಡನ್ನು ಗೋಡೆಯಿಂದ ಬಿಡಿಸುವುದು ಹೇಗೆ? ತಿರುವಿ ನೋಡಿದರೆ ಅದರ ತಳದಲ್ಲಿ ಆರು ದಪ್ಪ ಸೆಲ್ ಹಾಕುವ ಜಾಗವಿತ್ತು, ಅಷ್ಟು ದಿನ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಹಾಕಿದೆವು. ಚಾಲೂ ಇರುವಂತೆಯೇ ಕರೆಂಟಿನಿಂದ ಬಿಡಿಸಿದೆವು. ಪರದೆಯ ದೀಪ ಒಂದು ಸಲ ಮಿಣುಕಿ ನಿಂತಿತು. ಸ್ಟುಡಿಯೋದ ಗೋಡೆಯಿಂದ ಎರಡು ಕೌದಿ ಇಳಿಸಿ ಅದಕ್ಕೆ ಸುತ್ತಿದೆವು.

ಬಸ್ಸಿನಲ್ಲಿ ಕಂಡಕ್ಟರು ಕೇಳಿದರು. "ಯಕ್ಕಾ, ಕೌದ್ಯಾಗ ಏನೈತಿ? ಮ್ಯಾಲ ಇಡ್ರಿ."

"ಮ್ಯಾಲ ಇಡಾಕ ಬರಂಗಿಲ್ರಿ," ಎಂದರು ಪ್ಯಾಡಿನ ತಮ್ಮ. "ಚಾಲೂ ಐತಿ."

"ಏನ್ ಚಾಲೂ ಐತಿ?"

ಉತ್ತರವನ್ನು ಕೀಬೋರ್ಡೇ ಕೊಟ್ಟಿತು. ಗಿಣಿಗೇರಾ ಹತ್ತಿರ ಕಾರ್ಖಾನೆಯ ಲಾರಿಗಳು ಕೆಡಿಸಿದ ರಸ್ತೆಯಲ್ಲಿ ಬಸ್ಸು ಒಂದು ಗುಂಡಿಗೆ ಇಳಿಯಿತು, ಕೌದಿಯೊಳಗೆ ಯಾವುದೋ ಬಟನ್ ಒತ್ತಿತು, ಮದುವೆಯ ಬೀಟ್ ಶುರುವಾಯಿತು. ದನಿ ಸಣ್ಣದು ಮಾಡಿಯೇ ಸುತ್ತಿದ್ದೆವು, ಕೌದಿ ತಿಕ್ಕಿ ತಿಕ್ಕಿ ಅದೂ ಮೇಲೇರಿತ್ತು. ಬಸ್ಸಿನ ತುಂಬ ಹನುಮನಹಳ್ಳಿಗೆ ಹೊರಟ ಭಕ್ತರು, ಕೊರಳಲ್ಲಿ ಕೇಸರಿ ಶಾಲು.

"ಬಂದ್ ಮಾಡ್ರೀ ಅದನ್ನ!" ಎಂದರು ಕಂಡಕ್ಟರು.

"ಬಂದ್ ಮಾಡಂಗಿಲ್ರಿ! ಬಂದ್ ಮಾಡಿದ್ರ ಹೋಗಿಬಿಡತೈತಿ!"

"ಎಲ್ಲಿ ಹೋಗತೈತ್ರೀ?"

ಪ್ಯಾಡಿನ ತಮ್ಮ ಕೌದಿಯೊಳಗೆ ಕೈ ತೂರಿಸಿ ಬೀಟ್ ನಿಲ್ಲಿಸುವ ಬಟನ್ನಿಗೆ ತಡಕಾಡಿದರು. "ಪಕ್ಕದಾಗ ಬಂದ್ ಮಾಡೂದು ಐತಿ, ಅದಕ್ಕ ಕೈ ಹಚ್ಚೀರಿ ಜೋಕಿ!" ಎಂದು ನಾನು ಅವರ ತೋಳು ಹಿಡಿದು ಕೂಗಿದೆ. ಅಷ್ಟು ಜೋರಾಗಿ ನಾನು ಬಹಳ ದಿನದಿಂದ ಕೂಗಿರಲಿಲ್ಲ. ಅವರಿಗೆ ಸಿಕ್ಕಿದ್ದು ಓಟ ಹೆಚ್ಚಿಸುವ ಬಟನ್. ಬೀಟ್ ಓಡತೊಡಗಿತು. ಭಕ್ತರು ಚಪ್ಪಾಳೆ ಹಿಡಿದರು, ಒಬ್ಬರು ಹನುಮಪ್ಪನ ಪದ ಎತ್ತಿದರು. ಡ್ರೈವರ್ ಕೂಡ ಬೀಟಿನ ಓಟಕ್ಕೆ ಬಸ್ಸು ಬಿಟ್ಟರೆಂದು ನನ್ನ ಅನುಮಾನ, ಗಂಗಾವತಿಗೆ ಅಷ್ಟು ಬೇಗ ನಾನು ಎಂದೂ ಮುಟ್ಟಿಲ್ಲ. ಇಳಿಯುವಾಗ ಒಬ್ಬ ಭಕ್ತರು, "ಯಕ್ಕಾರ, ವಾಪಸ್ ಯಾವ ಬಸ್ಸಿಗೆ ಹೊಕ್ಕೀರಿ?" ಎಂದು ಕೇಳಿದರು.

ಚಾಚಾ ನಮ್ಮವರನ್ನು ಬಲ್ಲವರು. ಕೌದಿ ಬಿಚ್ಚಿದ ಕೂಡಲೇ ಕೀಬೋರ್ಡಿನ ಗುರುತು ಹಿಡಿದರು. "ಅರೆ, ಇದು ನಮ್ಮ ಮಾಸ್ತರದು," ಎಂದು ನನ್ನನ್ನು ನೋಡಿ ತಲೆ ತಗ್ಗಿಸಿದರು. "ಕೂಡ್ರಮ್ಮಾ. ಚಾ ತರಸ್ತೀನಿ."

ಮೊದಲು ಕೀಬೋರ್ಡನ್ನು ಅಂಗಡಿಯ ಕರೆಂಟಿಗೆ ಸೇರಿಸಿದರು. ಆಮೇಲೆ ತಾವು ಸ್ವಂತಕ್ಕೆ ಬಳಸುವ ಇಂಟರ್‌ಫೇಸನ್ನೇ ಅದಕ್ಕೂ ತಮ್ಮ ಕಂಪ್ಯೂಟರಿಗೂ ನಡುವೆ ಹಾಕಿದರು. "ಇದು ನನ್ನ ಹತ್ರ ಏಳೆಂಟು ವರ್ಷದ್ದು. ಒಂದ್ ಸ್ವರ ಬಿಟ್ಟದ್ದಿಲ್ಲ." ಐದನೆಯ ನಂಬರಿನ ಧಾಟಿ ಹಚ್ಚಿದರು. ಅದೂ ನುಂಗಿತು. ಮೂರನೆಯ ರೊಟ್ಟಿಗೆ ಹಿಡಿದುಕೊಂಡು ಊಂ ಎಂದಿತು. ಚಾಚಾನ ಮುಖ ಕೆಂಪಾಯಿತು. ತಮ್ಮ ಅಂಗಡಿಯ ಇನ್ನೊಂದು ಕೀಬೋರ್ಡಿಗೆ ಹಾಕಿ ನೋಡಿದರು. ಹರಿಯುವ ನೀರಿನ ಹಾಗೆ ಬಂತು. ನನ್ನ ಚೀಲದಿಂದ ಕಬ್ಬಿಣದ ಡಬ್ಬಿ ಇಸಿದುಕೊಂಡು ಹಾಕಿದರು, ಎರಡೂ ಕೈಯಿಂದ ಸರಸರ ಓಡಿಸಿದರು. ಒಂದು ಸ್ವರವೂ ತಪ್ಪಲಿಲ್ಲ. ಮೊದಲಿನ ಬೆಂಕಿಪೊಟ್ಟಣವನ್ನೂ ಹಾಕಿದರು. ಸಾವಕಾಶ ನುಡಿಸಿದಾಗ ಸರಿಯಾಗಿತ್ತು, ಬಹಳ ಓಡಿಸಿದಾಗ ಒಂದೆರಡು ಕಡೆ ಎಡವಿತು.

"ಅಮ್ಮಾ, ನಡುವ ಮಾತಾಡಾಂವಂದು ತಪ್ಪಿಲ್ಲ," ಎಂದರು ಚಾಚಾ. "ಹೇಳಿ ಕಳಿಸಾವ್ರ ಬಾಯಾಗ ಏನೋ ಐತಿ."

ಟಾರ್ಚ್ ಹಿಡಿದು ಕೀಬೋರ್ಡಿನ ಹಿಂದಿನ ಗುಂಡನೆಯ ತೂತಿಗೆ ಕಣ್ಣು ಹಚ್ಚಿದರು. ಬಹಳ ಹೊತ್ತು ನೋಡಿದರು. ಸೂಜಿಯಿಂದ ಕೆರೆದರು. ಕೆಂಪು ಪುಡಿ ಉದುರಿತು. ಇನ್ನಷ್ಟು ಕೆರೆದರು. ಹಳದಿ ಬಂತು, ಬಿಳಿ ಬಂತು, ಮತ್ತೆ ಕೆಂಪು.

"ಇದರಾಗ ಯಾರ್ರೀ ಅಡಗಿ ಮಾಡಿದವ್ರು?"

ಪ್ರತಿ ವರ್ಷ ಮಹಾನವಮಿಯ ಆಯುಧ ಪೂಜೆಗೆ ನಾನು ಮೊದಲು ಹೊಲಿಗೆ ಮಷೀನಿಗೆ, ಆಮೇಲೆ ಅವರ ಕೀಬೋರ್ಡಿಗೆ ವಿಭೂತಿ, ಅರಿಶಿನ, ಕುಂಕುಮ ಕಲಸಿ ಹಚ್ಚುತ್ತಿದ್ದೆ. ಮುಂದೆ ಹಚ್ಚಿದರೆ ಅವರು ಒರೆಸಿಬಿಡುತ್ತಿದ್ದರು, ಮದುವೆಯಲ್ಲಿ ಬೆರಳು ಕೆಂಪಾಗುತ್ತದೆಂದು. ಅದಕ್ಕೆ ಹಿಂದೆ ತಿರುಗಿಸಿ ಆ ಗುಂಡನೆಯ ತೂತುಗಳಿಗೆ ಹಚ್ಚುತ್ತಿದ್ದೆ. ಐದೈದು ಚುಕ್ಕಿಯ ಮುಖ ಇದ್ದಂತೆ ಕಾಣುತ್ತಿದ್ದವು. ಉಂಗುರ ಬೆರಳಿನಿಂದ, ಚೆನ್ನಾಗಿ ಒತ್ತಿ. ಅವರು ನೋಡಿ ನಗುತ್ತಿದ್ದರು, ಬೇಡ ಎಂದಿರಲಿಲ್ಲ. ಆ ತೂತುಗಳನ್ನು ಅವರು ಒಮ್ಮೆಯೂ ಬಳಸಿರಲಿಲ್ಲವಲ್ಲ.

"ನಾನ ರೀ," ಎಂದೆ ಕೊನೆಗೆ. "ಹಬ್ಬಕ್ಕ."

ಪ್ಯಾಡಿನ ತಮ್ಮ ಸ್ಟೂಲಿನ ಮೇಲೆ ಬಗ್ಗಿ ನಗತೊಡಗಿದರು. "ವೈನಿ! ಎರಡು ತಿಂಗಳ ನಾವು ವೈರಿಗೆ ಬೈದೀವಿ! ನಾ ನಮ್ಮ ಮಾವನ ಹೆಸರ ಕೆಡಿಸಿದೆ!"

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಹೊಲಿಗೆ ಮಷೀನು ಒಂದು ಹೊಲಿಗೆ ಬಿಟ್ಟರೆ ನಾನು ಮೊದಲು ಮಾಡುವ ಕೆಲಸ ಬಾಬಿನ್ ಕೆಳಗಿನ ದೂಳು ತೆಗೆಯುವುದು. ಇಪ್ಪತ್ತು ವರ್ಷದಿಂದ ಹಾಗೇ. ನೂಲು ಬದಲಿಸುವುದು, ಸೂಜಿ ಬದಲಿಸುವುದು ಆಮೇಲೆ. ಕೀಬೋರ್ಡು ಸ್ವರ ಬಿಟ್ಟಾಗ ಮಾತ್ರ ನೂಲನ್ನೇ ಬೈದುಕೊಂಡು ಕುಳಿತಿದ್ದೆ.

ಬಂದ್ ಮಾಡದೆಯೇ ಚಾಚಾ ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ, ಸೂಜಿಗೆ ಸುತ್ತಿ, ಒಂದೊಂದೇ ತೂತು ತೊಳೆದರು. ಉದುರಿದ ಪುಡಿಯನ್ನು ಊದಲಿಲ್ಲ. ಒಂದು ಕಾಗದದಲ್ಲಿ ಕೂಡಿಸಿ, ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. "ಪೂಜಿದು ಐತಮ್ಮಾ. ಕಸದಾಗ ಹಾಕೂದು ಬ್ಯಾಡ."

ಆಮೇಲೆ ನನ್ನ ಕಬ್ಬಿಣದ ಡಬ್ಬಿಯನ್ನೇ ಹಾಕಿ ಐದನೆಯ ನಂಬರು ಹಚ್ಚಿದರು.

ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ಸ್ವರವೂ ಒಂದೊಂದು ಸಣ್ಣ ಗೆರೆಯಾಗಿ ಬಂದು ಕುಳಿತುಕೊಳ್ಳತೊಡಗಿತು. ಉದ್ದ ಒತ್ತಿದ್ದು ಉದ್ದ ಗೆರೆ, ಜೋರಾಗಿ ಒತ್ತಿದ್ದು ಗಾಢ ಬಣ್ಣ. ಒಂದು ರೊಟ್ಟಿ, ಎರಡು ರೊಟ್ಟಿ. ನಾನು ಮಡಿಲಲ್ಲಿ ಬೆರಳು ಎಣಿಸುತ್ತಿದ್ದೆ. ಐದಾದ ಮೇಲೆ ಗೆರೆಗಳು ನಿಂತವು. ಪರದೆ ಖಾಲಿ ಓಡುತ್ತಿತ್ತು. ಪ್ಯಾಡಿನ ತಮ್ಮ ನಗು ನಿಲ್ಲಿಸಿದರು. ಚಾಚಾ ಸೂಜಿಗೆ ಕೈ ಹಾಕಿದರು. "ಮತ್ತ ನುಂಗ್ತೇನಪ್ಪಾ ಇದು?"

"ತಡೀರಿ," ಎಂದೆ.

ಗೆರೆಗಳು ಮತ್ತೆ ಬಂದವು. ಆರು, ಏಳು, ಎಂಟು, ಒಂಬತ್ತು. ಮುಗಿಯಿತು. ಚಾಚಾ 'ಸೇವ್' ಒತ್ತಿದರು, ಒಂದಲ್ಲ, ಮೂರು ಕಡೆ, ಒಂದು ನಾನು ಮನೆಗೆ ಒಯ್ಯುವ ಪೆನ್ ಡ್ರೈವಿಗೆ. ಆಮೇಲೆ ಪರದೆಯನ್ನು ಕನ್ನಡಕದ ಮೇಲಿನಿಂದ ನೋಡಿ, "ಅಮ್ಮಾ, ಮಾಸ್ತರ ತಾಳ ಇಲ್ಲಿ ಜರಾ ಹಿಂದ ಮುಂದ ಆಗೈತಿ. ಒಂದ್ ಬಟನ್ ಒತ್ತಿದ್ರ ಎಲ್ಲಾ ಗೆರಿ ಲೈನಿಗೆ ಬರತಾವ. ನಡುವಿನ ಖಾಲಿ ಜಾಗಾನೂ ಕತ್ತರಿಸ್ತೀನಿ. ಮಾಡ್ಲೇನು?" ಎಂದರು.

"ಬ್ಯಾಡ್ರಿ," ಎಂದೆ. "ಹಿಂದ ಮುಂದ ಆಗಿದ್ದು ನನ್ನ ರೊಟ್ಟಿ. ಆ ಖಾಲಿ ಜಾಗದಾಗ ಹಿಟ್ಟ ಮುಗದಿತ್ತು. ಅವರು ಎದ್ದು ಮ್ಯಾಲಿನ ಹಲಗಿ ಮ್ಯಾಲಿಂದ ಹಿಟ್ಟಿನ ಡಬ್ಬಿ ಇಳಿಸಿ ಕೊಟ್ಟಾರ್ರಿ."

ಚಾಚಾ ಬಟನ್ನಿನಿಂದ ಕೈ ತೆಗೆದರು. ಚಹಾ ಅಷ್ಟರಲ್ಲಿ ಆರಿತ್ತು, ಇನ್ನೊಂದು ಸಲ ತರಿಸಿದರು.

ಗುಂಡಿ ಸೆಲ್ಲನ್ನು ಅಲ್ಲೇ ಬದಲಿಸಿದರು. ಕೀಬೋರ್ಡಿನ ನೆನಪು ಅಲ್ಲಿಗೆ ಅಳಿಸಿಹೋಯಿತು. ನಾನು ನೋಡುತ್ತ ನಿಂತಿದ್ದೆ, ನನಗೇನೂ ಆಗಲಿಲ್ಲ. ವಾಪಸ್ ಬರುವಾಗ ಕೀಬೋರ್ಡ್ ಬಂದ್ ಆಗಿಯೇ ಬಂತು. ಅದೇ ಕಂಡಕ್ಟರು ಸಿಕ್ಕು, "ಏನ್ರೀ, ಈಗ ಭಜನಿ ಇಲ್ಲೇನು?" ಎಂದು ಬೇಸರ ಮಾಡಿಕೊಂಡರು.

ಮನೆಗೆ ಬಂದು ಮದುವೆ ಕಾರ್ಡಿನ ಮೂರನೆಯ ಸಾಲಿಗೆ ನಾನು ಟಿಕ್ ಹಾಕಿದೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೈಗೆ ಸಿಕ್ಕಿತ್ತು, ಅದರಲ್ಲೇ ಹಾಕಿದೆ. ಕುಂಕುಮದ ಪೊಟ್ಟಣವೂ ಅದರ ಜೊತೆ ಡ್ರಾಯರಿನಲ್ಲಿದೆ. ಪ್ಯಾಡಿನ ತಮ್ಮ ಒಂದು ನಕ್ಷತ್ರವನ್ನು ನಾಲ್ಕು ಮಾಡಿ ತಿದ್ದಿ ಬರೆದರು: "ವೈರು ಛಲೋ ಐತಿ. ಭಾಳ ಓಡಿಸಬ್ಯಾಡ್ರಿ. ತಪ್ಪು ನಮ್ಮದು, ಕುಂಕುಮ ಹಚ್ಚಿದ್ವಿ." ಅದರ ಕೆಳಗೆ ಯಾರೋ ಕೇಳಿದ್ದಾರಂತೆ, ಕುಂಕುಮ ಹಚ್ಚಿದರೆ ವೈರು ಹೆಚ್ಚು ದಿನ ಬಾಳುತ್ತದೆಯೇ ಎಂದು.

ಈಗ ಕಂಪ್ಯೂಟರಿನಿಂದ ಅದೇ ಡಬ್ಬಿಯ ಮೂಲಕ ಧಾಟಿಯನ್ನು ಕೀಬೋರ್ಡಿಗೆ ವಾಪಸ್ ಕಳಿಸಿದರೆ ಅದು ತಾನೇ ನುಡಿಯುತ್ತದೆ. ಪಟ್ಟಿಗಳು ಕೆಳಗೆ ಹೋಗುವುದಿಲ್ಲ, ದನಿ ಮಾತ್ರ ಬರುತ್ತದೆ. ಹೊಸ್ತಿಲಿನಲ್ಲಿ ಇಟ್ಟು ರೊಟ್ಟಿಗೆ ಕೂರುತ್ತೇನೆ. ಮಗಳು ಮದುವೆಯಾಗಿ ಹೋಗಿದ್ದಾಳೆ, ನನಗೊಬ್ಬಳಿಗೆ ಎರಡು ರೊಟ್ಟಿ ಸಾಕು. ಧಾಟಿ ಒಂಬತ್ತು ರೊಟ್ಟಿಯದು. ನಡುವೆ ಎದ್ದು ಹೋದರೆ ಅವರನ್ನು ಅರ್ಧಕ್ಕೆ ಬಿಟ್ಟಂತಾಗುತ್ತದೆ. ಹೀಗಾಗಿ ಒಂಬತ್ತೂ ಬಡಿಯುತ್ತೇನೆ. ಐದಾದ ಮೇಲೆ ಧಾಟಿ ನಿಲ್ಲುತ್ತದೆ. ಹಿಟ್ಟಿನ ಡಬ್ಬಿಯನ್ನು ಈಗ ಕೆಳಗೇ ಇಟ್ಟುಕೊಂಡಿದ್ದೇನೆ, ಆದರೂ ಅವರು ಇಳಿಸಿ ಕೊಡುವವರೆಗೆ ಕೈ ಕಟ್ಟಿ ಕಾಯುತ್ತೇನೆ.

ಉಳಿದ ಏಳು ಪಕ್ಕದ ಮನೆಯ ಆಯಿಗೆ ಹೋಗುತ್ತವೆ. ಮೊನ್ನೆ ಅವಸರದ ಹೊಲಿಗೆ ಇತ್ತು, ಹಿಂದಿನ ದಿನ ನನ್ನ ಪಾಲಿನಲ್ಲಿ ಉಳಿದ ರೊಟ್ಟಿಯನ್ನೇ ತಿಂದು ಕುಳಿತಿದ್ದೆ. ಹನ್ನೊಂದು ಗಂಟೆಗೆ ಕೋಲಿನ ಸದ್ದಾಯಿತು.

"ಯಾಕವಾ," ಎಂದರು ಆಯಿ ಬಾಗಿಲಲ್ಲಿ ನಿಂತು, "ಇವತ್ತ ನಿನ್ನ ಗಂಡ ಬಾರಸಲಿಲ್ಲೇನು? ನಮ್ಮನ್ಯಾಗ ಪಲ್ಯ ಆರಾಕ ಹತ್ತೈತಿ."

ಕತ್ತರಿ ಕೆಳಗಿಟ್ಟು ಎದ್ದೆ.